ದೇವರ ಹತ್ತಿರ ತಪ್ಪು ಒಪ್ಪಿಕೊಂಡಾಗಿದೆ, ಮನುಷ್ಯರ ಹತ್ತಿರವೂ ಒಪ್ಪಿಕೊಳ್ಳಬೇಕಾ?

ಪ್ರಶ್ನೆ: ಕೆಲವು ವರ್ಷಗಳ ಹಿಂದೆ ಪಾಲುದಾರಿಕೆಯ ವ್ಯಾಪಾರದಲ್ಲಿ ಲೆಕ್ಕ ತಿದ್ದಿ ಹಣ ತೆಗೆದುಕೊಂಡಿದ್ದೆ. ಪಾಲುದಾರರಿಗೆ ಇವತ್ತಿಗೂ ಗೊತ್ತಿಲ್ಲ. ಪ್ರಾರ್ಥನೆಯಲ್ಲಿ ಅತ್ತು ಕ್ಷಮೆ ಕೇಳಿದ್ದೇನೆ, ದೇವರು ಕ್ಷಮಿಸಿದ್ದಾನೆ ಅಂತ ನಂಬಿದ್ದೇನೆ. ಈಗ ಅವರಿಗೂ ಹೇಳಲೇಬೇಕಾ? ಯೇಸುವಿನ ರಕ್ತ ಎಲ್ಲ ಪಾಪವನ್ನೂ ತೊಳೆಯುತ್ತದೆ ಅಂದ ಮೇಲೆ ಹಳೆಯದನ್ನು ಯಾಕೆ ಕೆದಕಬೇಕು?

ಉತ್ತರ: ಹೇಳಬೇಕು. ಹಣವನ್ನೂ ವಾಪಸ್ ಕೊಡಬೇಕು.

ಇಷ್ಟೇ ಹೇಳಿ ಸುಮ್ಮನಾಗಬಹುದಿತ್ತು. ಆದರೆ ಈ ಪ್ರಶ್ನೆ ಬೇರೆ ಬೇರೆ ವೇಷದಲ್ಲಿ ಬರುತ್ತಲೇ ಇರುತ್ತದೆ, ಕೇಳುವವರೂ ಹೆಚ್ಚಾಗಿ ಮನಸ್ಸಿಟ್ಟು ಪ್ರಾರ್ಥನೆ ಮಾಡುವವರೇ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಎಲ್ಲರೂ ಮೊದಲು ತೆಗೆಯುವ ವಚನ 1 ಯೋಹಾನ 1:9. ನಮ್ಮ ಪಾಪಗಳನ್ನು ಒಪ್ಪಿಕೊಂಡರೆ ದೇವರು ಕ್ಷಮಿಸುತ್ತಾನೆ, ಶುದ್ಧಿ ಮಾಡುತ್ತಾನೆ. ಅದರಲ್ಲಿ ಅನುಮಾನವೇ ಬೇಡ. ಆದರೆ ಅದೇ ಅಧ್ಯಾಯದಲ್ಲಿ ಮೂರು ವಚನ ಹಿಂದೆ ಹೋಗಿ ನೋಡಿ. ದೇವರ ಜೊತೆ ಅನ್ಯೋನ್ಯತೆ ಇದೆ ಅಂತ ಹೇಳಿಕೊಂಡು ಕತ್ತಲೆಯಲ್ಲಿ ನಡೆದರೆ ನಾವು ಸುಳ್ಳುಗಾರರು ಅಂತ ಅಲ್ಲಿದೆ. ಹಣ ತೆಗೆದದ್ದು ಅಂದಿನ ಪಾಪ. ಅದು ಯಾರ ಕಣ್ಣಿಗೂ ಬೀಳದಂತೆ ಲೆಕ್ಕದ ಪುಸ್ತಕ ಕಾಯುವುದು, ಪಾಲುದಾರರು ಹಳೆಯ ವರ್ಷಗಳ ಮಾತು ತೆಗೆದರೆ ವಿಷಯ ಬದಲಿಸುವುದು, ಇದೆಲ್ಲ ಇವತ್ತಿಗೂ ನಡೆದೇ ಇದೆ. ಹಳೆಯದು ಅಂತೀರಿ, ಆದರೆ ಅದು ಹಳೆಯದಾಗುವುದಕ್ಕೆ ನೀವೇ ಬಿಟ್ಟಿಲ್ಲ, ಅಲ್ವಾ?

ಬೈಬಲ್ ಚೆನ್ನಾಗಿ ಓದಿದವರು ಇಲ್ಲಿ ಕೀರ್ತನೆ 51ನ್ನು ತರುತ್ತಾರೆ. ನಿನಗೆ ಮಾತ್ರ ಪಾಪ ಮಾಡಿದ್ದೇನೆ ಅಂತ ದಾವೀದನೇ ದೇವರಿಗೆ ಹೇಳಿದ್ದಾನಲ್ಲ, ಮತ್ತೆ ಮನುಷ್ಯರ ಮಾತೇಕೆ? ಒಳ್ಳೆಯ ವಾದ, ಆದರೆ ಕಥೆ ಪೂರ್ತಿ ಓದಿದರೆ ನಿಲ್ಲುವುದಿಲ್ಲ. ರಾಜನಾಗಿದ್ದ ದಾವೀದ ಬತ್ಷೆಬೆ ಎಂಬವಳ ಜೊತೆ ವ್ಯಭಿಚಾರ ಮಾಡಿ, ಅವಳ ಗಂಡ ಊರೀಯನನ್ನು ಯುದ್ಧದ ಮುಂಚೂಣಿಗೆ ಕಳಿಸಿ ಕೊಲ್ಲಿಸಿದ್ದ. ಹೋಗಿ ಒಪ್ಪಿಕೊಳ್ಳಬೇಕಾಗಿದ್ದ ಮನುಷ್ಯನೇ ಬದುಕಿರಲಿಲ್ಲ. ಪ್ರವಾದಿ ನಾತಾನ ಬಂದು, ಬಡವನ ಒಂದೇ ಒಂದು ಕುರಿಮರಿಯನ್ನು ಕಿತ್ತುಕೊಂಡ ಐಶ್ವರ್ಯವಂತನ ಕಥೆ ಹೇಳಿದಾಗ ದಾವೀದ ಸಿಟ್ಟಾಗಿ, ಅವನು ಒಂದಕ್ಕೆ ನಾಲ್ಕರಷ್ಟು ಕೊಡಬೇಕು ಅಂದುಬಿಟ್ಟ. ಬೇರೆಯವರ ಪಾಪವಾದರೆ ವಾಪಸ್ ಕೊಡಬೇಕೆಂಬುದು ರಾಜನಿಗೂ ತಕ್ಷಣ ನೆನಪಾಗುತ್ತದೆ ನೋಡಿ! ಆ ಮನುಷ್ಯ ನೀನೇ ಅಂತ ನಾತಾನ ಹೇಳಿದ ಮೇಲೆ ಅವನು ನೆಪ ಹೇಳಲಿಲ್ಲ, ಇನ್ನೊಬ್ಬ ಮನುಷ್ಯನ ಎದುರಿಗೇ ಒಪ್ಪಿಕೊಂಡ. ಕ್ಷಮೆ ಆಗಲೇ ಸಿಕ್ಕಿತು. ಮನೆಯಲ್ಲಿ ಅದರ ಫಲ ಮಾತ್ರ ಬಹಳ ಕಾಲ ಉಳಿಯಿತು. ಇನ್ನೊಂದು ವಿಷಯ. ಆ ಕೀರ್ತನೆಯ ತಲೆಬರಹ ನೋಡಿ. ಅದನ್ನು ಪ್ರಧಾನ ಗಾಯಕನಿಗೆ ಒಪ್ಪಿಸಲಾಗಿದೆ, ಯಾವ ಸಂದರ್ಭದ್ದು ಅನ್ನುವುದನ್ನೂ ಬರೆದಿದೆ. ಗುಟ್ಟಾಗಿ ದೇವರಿಗೆ ಮಾತ್ರ ಹೇಳಿ ಮುಗಿಸಿದ ಪಾಪ ಅಂತ ಯಾವುದನ್ನು ತೋರಿಸುತ್ತೇವೋ ಅದನ್ನು ಜನರೆಲ್ಲ ಹಾಡುತ್ತಿದ್ದರು.

ಇನ್ನು ಹಣದ ವಿಷಯ. ಯಾಜಕಕಾಂಡದ 6ನೇ ಅಧ್ಯಾಯ ನಿಮ್ಮಂಥ ಪರಿಸ್ಥಿತಿಗೇ ಬರೆದ ಹಾಗಿದೆ. ನೆರೆಯವನಿಗೆ ಮೋಸ ಮಾಡಿದವನು ತೆಗೆದುಕೊಂಡದ್ದನ್ನು ಪೂರ್ತಿಯಾಗಿ, ಮೇಲೆ ಐದನೇ ಒಂದು ಪಾಲು ಸೇರಿಸಿ, ಯಜ್ಞ ಅರ್ಪಿಸುವ ದಿನವೇ ಯಜಮಾನನಿಗೆ ಕೊಡಬೇಕು. ಆಮೇಲೆ ಟಗರನ್ನು ಯಾಜಕನ ಹತ್ತಿರ ತರುವುದು. ಮತ್ತಾಯ 5:23-24ರಲ್ಲಿ ಯೇಸು ಇದನ್ನು ಇನ್ನೂ ಬಿಗಿ ಮಾಡಿದ. ಯಜ್ಞವೇದಿಯ ಹತ್ತಿರ ಕಾಣಿಕೆ ತಂದಾಗ ನಿನ್ನ ಸಹೋದರನ ಮನಸ್ಸಿನಲ್ಲಿ ನಿನ್ನ ಮೇಲೆ ಏನೋ ಇದೆ ಅಂತ ನೆನಪಾದರೆ ಕಾಣಿಕೆಯನ್ನು ಅಲ್ಲೇ ಬಿಟ್ಟು ಹೋಗು, ಮೊದಲು ರಾಜಿ ಮಾಡಿಕೊ. ಇದನ್ನು ಕೇಳುತ್ತಿದ್ದವರು ಗಲಿಲಾಯದವರು. ಯಜ್ಞವೇದಿ ಇದ್ದದ್ದು ಯೆರೂಸಲೇಮಿನಲ್ಲಿ, ಮೂರು ದಿನದ ನಡಿಗೆ. ಕಾಣಿಕೆ ಬಿಟ್ಟು ಊರಿಗೆ ಹೋಗಿ ಮತ್ತೆ ಬರುವುದು ಅಂದರೆ ವಾರದ ಕೆಲಸ, ಆದರೂ ಹೋಗು ಅಂದ.

ಹಾಗಾದರೆ ಹಣ ಕೊಟ್ಟು ಕ್ಷಮೆ ಕೊಳ್ಳುವುದಾ? ಖಂಡಿತ ಅಲ್ಲ. ಲೂಕ 19ರ ಜಕ್ಕಾಯ ಇದಕ್ಕೆ ಸಾಕು. ಈ ಸುಂಕದವರ ಮುಖ್ಯಸ್ಥನ ಹೆಸರು ಹಿಡಿದು ಕರೆದು, ಇವತ್ತು ನಿನ್ನ ಮನೆಯಲ್ಲಿ ಇಳಿದುಕೊಳ್ಳಬೇಕು ಅಂತ ಯೇಸು ಹೇಳಿದಾಗ ಅವನಿನ್ನೂ ಒಂದು ಕಾಸನ್ನೂ ಹಿಂದಿರುಗಿಸಿರಲಿಲ್ಲ. ಅರ್ಧ ಆಸ್ತಿ ಬಡವರಿಗೆ, ಅನ್ಯಾಯವಾಗಿ ತೆಗೆದದ್ದಕ್ಕೆ ನಾಲ್ಕರಷ್ಟು ಅಂತ ಅವನು ನಿಂತು ಹೇಳಿದ್ದು ಆಮೇಲೆ. ನಾಲ್ಕರಷ್ಟು ಅನ್ನುವುದು ಕುರಿ ಕದ್ದು ಮಾರಿದವನಿಗೆ ವಿಮೋಚನಕಾಂಡ 22:1 ಹಾಕಿದ ಲೆಕ್ಕ. ಐದನೇ ಒಂದು ಪಾಲಿನ ಹಗುರ ಲೆಕ್ಕ ಇದ್ದರೂ ಅವನು ಭಾರದ್ದನ್ನೇ ಆರಿಸಿಕೊಂಡ. ಕ್ಷಮೆ ಸಿಕ್ಕಿದ ಖುಷಿಯಲ್ಲಿ ಚೌಕಾಸಿ ನೆನಪಾಗಲಿಲ್ಲ ಅಂತ ಕಾಣುತ್ತದೆ.

ಸಭೆಗಳ ನಡುವೆ ಪದ್ಧತಿ ಬೇರೆ ಬೇರೆ, ನಿಜ. ಕಥೋಲಿಕರಲ್ಲಿ 1215ರ ನಾಲ್ಕನೇ ಲ್ಯಾಟರನ್ ಮಹಾಸಭೆಯ ಕಾಲದಿಂದ ವರ್ಷಕ್ಕೊಮ್ಮೆಯಾದರೂ ಗುರುಗಳ ಹತ್ತಿರ ಪಾಪನಿವೇದನೆ ಮಾಡುವ ನಿಯಮವಿದೆ, ಕೇಳಿದ್ದನ್ನು ಗುರುಗಳು ಯಾರಿಗೂ ಹೇಳುವಂತಿಲ್ಲ. ಅಲ್ಲೂ ಪಾಪವಿಮೋಚನೆಯ ಮಾತು ಕೇಳಿ ಎದ್ದು ಬಂದರೆ ಮುಗಿಯಲಿಲ್ಲ, ಕದ್ದದ್ದನ್ನು ವಾಪಸ್ ಕೊಡಬೇಕು, ಕೆಡಿಸಿದ ಹೆಸರನ್ನು ಸರಿಪಡಿಸಬೇಕು ಅಂತಲೇ ಅವರ ಬೋಧನೆ. ಪ್ರೊಟೆಸ್ಟಂಟರು ನೇರವಾಗಿ ದೇವರಿಗೆ ಹೇಳಿದರೆ ಸಾಕು ಅನ್ನುತ್ತಾರೆ, ಆದರೆ ಲೂಥರನ್ನರ 1530ರ ಆಗ್ಸ್‌ಬರ್ಗ್ ವಿಶ್ವಾಸಪ್ರಮಾಣ ಖಾಸಗಿ ಪಾಪನಿವೇದನೆಯನ್ನು ಉಳಿಸಿಕೊಂಡಿತ್ತು. ಯಾವ ಸಭೆಗೆ ಹೋದರೂ ನಿಮ್ಮ ಪಾಲುದಾರರಿಂದ ತಪ್ಪಿಸಿಕೊಳ್ಳುವ ದಾರಿ ಇಲ್ಲ ಅನ್ನಿ.

ಹಾಗಂತ ಎಲ್ಲವನ್ನೂ ಎಲ್ಲರಿಗೂ ಹೇಳಬೇಕಿಲ್ಲ. ಒಬ್ಬರ ಮೇಲೆ ಮನಸ್ಸಿನಲ್ಲೇ ಹೊಟ್ಟೆಕಿಚ್ಚು ಪಟ್ಟಿದ್ದರೆ ದಯವಿಟ್ಟು ಅವರ ಮನೆಗೆ ಹೋಗಿ ಹೇಳಬೇಡಿ, ನಿಮಗೆ ಹಗುರ, ಅವರಿಗೆ ಭಾರ. ಅದು ದೇವರ ಹತ್ತಿರ ಇರಲಿ. ಹೊರಬರಲಾಗದ ಚಟವಿದ್ದರೆ ಬಾಯಿ ಬಿಗಿಹಿಡಿಯುವ ಒಬ್ಬ ವಿಶ್ವಾಸಿಗೆ ಹೇಳಿ. ಒಬ್ಬರಿಗೊಬ್ಬರು ಪಾಪಗಳನ್ನು ಅರಿಕೆ ಮಾಡಿ ಒಬ್ಬರಿಗೋಸ್ಕರ ಒಬ್ಬರು ಪ್ರಾರ್ಥಿಸಿ ಅಂತ ಯಾಕೋಬ 5:16 ಹೇಳುವುದು ಇದಕ್ಕೇ. ಇಡೀ ಸಭೆಯ ಮುಂದೆ ಸಾಕ್ಷಿ ಅಂತ ಮೈಕ್ ಹಿಡಿದು ಹೇಳುವುದರಲ್ಲಿ ಎಷ್ಟೋ ಸಲ ಪಶ್ಚಾತ್ತಾಪಕ್ಕಿಂತ ಪ್ರದರ್ಶನವೇ ಜಾಸ್ತಿ ಅನ್ನುವುದು ನನ್ನ ಅಭಿಪ್ರಾಯ. ಆದರೆ ಇನ್ನೊಬ್ಬರಿಗೆ ನಷ್ಟವಾಗಿದ್ದರೆ ಅದನ್ನು ಅವರಿಗೇ ಹೇಳಬೇಕು.

ಹೇಗೆ ಹೇಳುವುದು? "ನನ್ನಿಂದ ಏನಾದರೂ ತಪ್ಪಾಗಿದ್ದರೆ ಕ್ಷಮಿಸಿ" ಅನ್ನಬೇಡಿ. ಅದು ಒಪ್ಪಿಗೆಯೇ ಅಲ್ಲ. ಯಾವ ವರ್ಷ, ಎಷ್ಟು ಹಣ, ಹೇಗೆ ತೆಗೆದಿರಿ, ಅಷ್ಟನ್ನೂ ಹೇಳಿ. ಆಗ ಮನೆಯಲ್ಲಿ ಕಷ್ಟವಿತ್ತು ಅನ್ನುವುದು ನಿಜವೇ ಇರಬಹುದು, ಅವರು ಕೇಳದೆ ಹೇಳಬೇಡಿ. ಆದಾಮ ಕೂಡ ನೀನು ಕೊಟ್ಟ ಸ್ತ್ರೀಯೇ ಹಣ್ಣು ಕೊಟ್ಟಳು ಅಂದನಲ್ಲ, ಆ ರಾಗ ಬೇಡ. ಒಟ್ಟಿಗೆ ಕೊಡಲು ಆಗದಿದ್ದರೆ ಕಂತಿನಲ್ಲಿ ಕೊಡುತ್ತೇನೆ ಅಂತ ಬರೆದುಕೊಡಿ. ಅವರು ತೀರಿಕೊಂಡಿದ್ದರೆ ವಾರಸುದಾರರಿಗೆ ಕೊಡಬೇಕು. ಪಡೆಯಲು ಹತ್ತಿರದ ಬಂಧುವೇ ಇಲ್ಲದಿದ್ದರೆ ಅದು ಯೆಹೋವನಿಗೆ ಸೇರಬೇಕು ಅಂತ ಅರಣ್ಯಕಾಂಡ 5:8ರಲ್ಲಿ ಅದಕ್ಕೂ ವ್ಯವಸ್ಥೆ ಇದೆ.

ಅವರು ಕ್ಷಮಿಸದೆಯೂ ಇರಬಹುದು. ಪಾಲುದಾರಿಕೆ ಮುರಿಯಬಹುದು, ದೂರು ಕೊಡಬಹುದು. ದೊಡ್ಡ ಮೊತ್ತವಾದರೆ ಮೊದಲು ಒಬ್ಬ ವಕೀಲರ ಸಲಹೆ ಕೇಳಿ, ಅದು ಅಪನಂಬಿಕೆ ಆಗುವುದಿಲ್ಲ. ಕ್ಷಮಿಸಿ ಅಂತ ಕೇಳುವುದಷ್ಟೇ ನಿಮ್ಮ ಪಾಲಿನದು, ಕ್ರೈಸ್ತರಾಗಿ ನೀವು ಕ್ಷಮಿಸಲೇಬೇಕು ಅಂತ ಅವರಿಗೆ ವಚನ ತೋರಿಸಲು ಹೋಗಬೇಡಿ.