ಟ್ಯಾರೋ ಟಿಪ್ಪಣಿ: ಮೊದಲು ಆಟ, ಆಮೇಲೆ ಶಾಸ್ತ್ರ

ಭವಿಷ್ಯ ಹೇಳೋಕೆ ಬಳಸುವ ಟ್ಯಾರೋ ಎಲೆಗಳು ಹುಟ್ಟಿದ್ದು ಈಜಿಪ್ಟಿನಲ್ಲಿ ಅಂತ ನಿಮ್ಮ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದರೆ ಮೊದಲು ಅದನ್ನು ಹೊಡೆದು ಹಾಕಿ. ನನ್ನದರಲ್ಲೂ ಇತ್ತು. ಕೆಳಗೆ ಕೆಂಪು ಗೆರೆ ಬೇರೆ ಎಳೆದಿದ್ದೆ.

ಎಣಿಕೆಯಿಂದ ಶುರು ಮಾಡೋಣ. ನಮ್ಮ ಇಸ್ಪೀಟು ಕಟ್ಟಿನಲ್ಲಿ 52 ಎಲೆ. ರಾಣಿಗೂ ಗುಲಾಮನಿಗೂ ನಡುವೆ ಒಬ್ಬೊಬ್ಬ ಕುದುರೆ ಸವಾರನನ್ನು ಕೂರಿಸಿ. ನಾಲ್ಕು ಗುಂಪಿಗೆ ನಾಲ್ವರು, 56 ಆಯ್ತು. ಇದರ ಜೊತೆಗೆ 22 ಚಿತ್ರದ ಎಲೆ: ಸೂರ್ಯ, ಚಂದ್ರ, ಸಾವು, ಮರುಳ ಇತ್ಯಾದಿ. ಒಟ್ಟು 78. ಗುಂಪುಗಳು ಬಟ್ಟಲು, ನಾಣ್ಯ, ಕತ್ತಿ, ಕೋಲು. ಇಂಗ್ಲಿಷಿನವರ ಸ್ಪೇಡ್ ಎಲೆಗೂ ಗುದ್ದಲಿಗೂ ಸಂಬಂಧ ಇಲ್ಲ. ಇಟಲಿ ಭಾಷೆಯಲ್ಲಿ 'ಸ್ಪಾದ' ಅಂದ್ರೆ ಕತ್ತಿ.

ಆ 22 ಎಲೆ ಯಾಕೆ ಬಂದವು? ತುರುಪಿಗೆ! ತುರುಪಿನ ಆಟ ಆಡಿದವರಿಗೆ ಇದು ಥಟ್ಟನೆ ಹೊಳೆಯುತ್ತದೆ. ಟ್ಯಾರೋ ಆಟದಲ್ಲಿ ತುರುಪು ಕೂಗುವ ರಗಳೆ ಇಲ್ಲ, ಇವೇ ಕಾಯಂ ತುರುಪು. ಮರುಳನಿಗೆ ಮಾತ್ರ ಬೇರೆ ನಿಯಮ. ಇಟಲಿಯಲ್ಲಿ ಇದಕ್ಕೆ ಆಗಿನ ಹೆಸರು 'ಟ್ರಿಯೋನ್ಫಿ'. 1440ರಲ್ಲಿ ಫ್ಲಾರೆನ್ಸಿನಲ್ಲಿ ಬರೆದ ಒಂದು ದಿನಚರಿಯಲ್ಲಿ ಈ ಹೆಸರು ಸಿಗುತ್ತದೆ. ಮಿಲಾನಿನ ದೊರೆಗಳು ಚಿನ್ನದ ರೇಕು ಅಂಟಿಸಿ ಎಲೆ ಬರೆಸಿದರು. ಎಲ್ಲಾ ಆಡೋಕೆ. ನಮ್ಮ ಮೈಸೂರಿನ ದುಂಡನೆಯ ಗಂಜೀಫ ಎಲೆಗಳೂ ಆಟದವೇ ಅಲ್ವಾ?

ಶಾಸ್ತ್ರ ಸೇರಿದ್ದು ಪ್ಯಾರಿಸಿನಲ್ಲಿ. 1781ರಲ್ಲಿ ಕೂರ್ ದ ಜೆಬೆಲಾಂ ಎಂಬ ವಿದ್ವಾಂಸ, ಇದು ಈಜಿಪ್ಟಿನ ಪುರೋಹಿತರ ಗುಟ್ಟಿನ ಪುಸ್ತಕ ಅಂತ ಬರೆದ. ಇಸವಿ ಗಮನಿಸಿ. ಈಜಿಪ್ಟಿನ ಹಳೆಯ ಲಿಪಿ ಕೊರೆದ ರೊಸೆಟ್ಟಾ ಕಲ್ಲು ಸಿಕ್ಕಿದ್ದು 1799ರಲ್ಲಿ, ಫ್ರಾನ್ಸಿನ ವಿದ್ವಾಂಸ ಶಾಂಪೋಲಿಯೋನ್ ಆ ಲಿಪಿಯ ಗುಟ್ಟು ಬಿಡಿಸಿದ್ದು 1822ರಲ್ಲಿ. ಅಂದ್ರೆ ಈಜಿಪ್ಟಿನ ಒಂದಕ್ಷರವೂ ಓದಲು ಬಾರದ ಕಾಲದಲ್ಲಿ ಹೇಳಿದ ಮಾತು! ಕೇಳಿದವರಿಗೂ ಓದಲು ಬರುತ್ತಿರಲಿಲ್ಲ, ಹಾಗಾಗಿ ನಡೆದುಹೋಯ್ತು.

ಮುಂದೆ 1909. ಲಂಡನ್ನಿನಲ್ಲಿ ಪಮೇಲಾ ಕೋಲ್ಮನ್ ಸ್ಮಿತ್ 78 ಎಲೆಗೂ ಚಿತ್ರ ಬರೆದಳು. ಮೂರು ಕತ್ತಿ ಚುಚ್ಚಿದ ಹೃದಯ ನೋಡಿರುತ್ತೀರಿ, ಅದು ಈ ಕಟ್ಟಿನದು. ಹೆಸರು ಮಾತ್ರ ಪ್ರಕಾಶಕ ರೈಡರ್ ಮತ್ತು ಬರೆಸಿದ ವೇಟ್ ಅವರದ್ದು. ಕೆಲಸ ದೊಡ್ಡದು, ದುಡ್ಡು ಚಿಕ್ಕದು ಅಂತ ಆಕೆ ಪತ್ರದಲ್ಲಿ ಹೇಳಿಕೊಂಡಿದ್ದಾಳೆ. ಪರೀಕ್ಷೆಗೆ ಬರಲಿ ಬಿಡಲಿ, ಈಕೆಯ ಹೆಸರು ನೆನಪಿಡಿ.

ಎಲೆ ಮಾತಾಡೋದು ಹೇಗೆ ಅಂತ ನನಗೆ ಅರ್ಥವಾಗಿದ್ದು ದಾವಣಗೆರೆಯ ದುಗ್ಗಮ್ಮನ ಜಾತ್ರೆಯಲ್ಲಿ. ಗಿಣಿ ಶಾಸ್ತ್ರದವನ ಮುಂದೆ ಅಜ್ಜಿ ಕುಕ್ಕರುಗಾಲಲ್ಲಿ ಕೂತಿದ್ದಳು. ಗಿಣಿ ಪಂಜರದಿಂದ ಬಂದು, ಎರಡು ಎಲೆ ಆಚೆ ಎಸೆದು, ಮೂರನೆಯದನ್ನು ಕೊಕ್ಕಿನಲ್ಲಿ ಹಿಡಿದು ಕೊಟ್ಟಿತು. ಭತ್ತದ ಕಾಳು ಸಿಕ್ಕ ಮೇಲೆ ಒಳಗೆ ಹೋಯ್ತು. ಚಿತ್ರ ಲಕ್ಷ್ಮಿಯದು. ಆತ ಚಿತ್ರ ನೋಡಲೇ ಇಲ್ಲ, ಅಜ್ಜಿಯ ಕಾಲು ನೋಡಿದ. "ಯಮ್ಮಾ, ಮನ್ಯಾಗೆ ಒಬ್ರಿಗೆ ಮೊಣಕಾಲು ನೋವೈತೆ, ಹೌದಲ್ಲ?" ಅಜ್ಜಿ ನನ್ನ ಕಡೆ ತಿರುಗಿ, "ನೋಡ್ದೇನೋ, ಗಿಳಿಗೆ ಹೆಂಗ್ ಗೊತ್ತಾತು!" ಅಂದಳು. (1972ರ ವನ್ಯಜೀವಿ ಕಾಯ್ದೆ ಪ್ರಕಾರ ನಮ್ಮ ಗಿಣಿಯನ್ನು ಪಂಜರದಲ್ಲಿ ಇಡುವಂತಿಲ್ಲ. ಅದು ಬೇರೆ ಪಾಠ.)

ಈಗ ಒಂದು ಅಭ್ಯಾಸ. ಇಸ್ಪೀಟು ಕಟ್ಟಿನಿಂದ ಎರಡರಿಂದ ಆರರವರೆಗಿನ ಎಲೆ ತೆಗೆದುಬಿಡಿ. ಉಳಿದದ್ದು 32. ಪ್ಯಾರಿಸಿನ ಅಲಿಯೆಟ್ ಎಂಬಾತ ತನ್ನ ಹೆಸರನ್ನೇ ಹಿಂದುಮುಂದಾಗಿ ಬರೆದು ಎತ್ತೇಲಾ ಆಗಿ, 1770ರಲ್ಲಿ ಭವಿಷ್ಯದ ಪುಸ್ತಕ ಬರೆದಿದ್ದು ಇಷ್ಟೇ ಎಲೆಗಳ, 'ಪಿಕೆ' ಎಂಬ ಇಸ್ಪೀಟು ಆಟದ ಕಟ್ಟಿನ ಮೇಲೆ. ಟ್ಯಾರೋಗೆ ಆತ ಕೈ ಹಾಕಿದ್ದು ಆಮೇಲೆ. ಎಲೆ ಕಲಸಿ, ಮೂರು ಎಳೆದು, ಪಕ್ಕದವರಿಗೆ ಶಾಸ್ತ್ರ ಹೇಳಿ. ನೀವು ಎಷ್ಟು ಹೊತ್ತು ಎಲೆ ನೋಡಿದಿರಿ, ಎಷ್ಟು ಹೊತ್ತು ಅವರ ಮುಖ ನೋಡಿದಿರಿ ಅಂತ ಬರೆದುಕೊಳ್ಳಿ.