ಹಳೆಯ ಕೋಟಿನ ವಯಸ್ಸು ಹೇಳುವ ಸಣ್ಣ ಲೇಬಲ್‌ಗಳು

ನ್ಯೂಯಾರ್ಕಿನಲ್ಲೋ ಪ್ಯಾರಿಸ್ಸಿನಲ್ಲೋ ಅರವತ್ತು ವರ್ಷಗಳ ಹಿಂದೆ ಹೊಲಿದ ಉಣ್ಣೆಯ ಕೋಟು ಹರಾಜಿಗೆ ಬಂದರೆ, ಕೊಳ್ಳುವವರ ಕಣ್ಣು ಮೊದಲು ಬೀಳುವುದು ಕೊರಳಪಟ್ಟಿಯ ಕೆಳಗಿನ ವಿನ್ಯಾಸಕರ ಹೆಸರಿನ ಮೇಲೆ. ಆದರೆ ಕೋಟಿನ ವಯಸ್ಸು ಗೊತ್ತುಮಾಡಲು ಅದಕ್ಕಿಂತ ಹೆಚ್ಚು ನೆರವಾಗುವುದು ಅಸ್ತರಿನ ಪಕ್ಕದ ಹೊಲಿಗೆಯಲ್ಲಿ, ಒಳಜೇಬಿನ ಸಂದಿಯಲ್ಲಿ ಅಡಗಿರುವ, ಯಾರೂ ಮೆಚ್ಚಿ ನೋಡದ ಸಣ್ಣ ಲೇಬಲ್‌ಗಳು. ಹೆಸರಿನ ಲೇಬಲ್ ಇರುವುದು ಮಾರಾಟಕ್ಕಾಗಿ. ಅದು ದಶಕಗಟ್ಟಲೆ ಒಂದೇ ರೂಪದಲ್ಲಿ ಉಳಿಯಬಹುದು, ಬೇರೆ ಬಟ್ಟೆಯಿಂದ ಕಿತ್ತು ತಂದು ಹೊಲಿದದ್ದೂ ಆಗಿರಬಹುದು. ಸಣ್ಣ ಲೇಬಲ್‌ಗಳನ್ನು ಹೊಲಿಸಿದ್ದು ಸರ್ಕಾರದ ಕಾನೂನು ಅಥವಾ ಕಾರ್ಮಿಕ ಸಂಘ. ಕಾನೂನಿಗೂ ಸಂಘಕ್ಕೂ ಹುಟ್ಟಿದ ವರ್ಷವಿರುತ್ತದೆ, ಹಲವು ಸಲ ಮುಗಿದ ವರ್ಷವೂ ಇರುತ್ತದೆ.

ಉತ್ಖನನದಲ್ಲಿ ಮಣ್ಣಿನ ಪದರವೊಂದರಲ್ಲಿ ನಾಣ್ಯ ಸಿಕ್ಕರೆ, ಆ ಪದರವು ನಾಣ್ಯವನ್ನು ಟಂಕಿಸಿದ ವರ್ಷಕ್ಕಿಂತ ಹಿಂದಿನದಲ್ಲ ಎಂದು ಪುರಾತತ್ತ್ವಜ್ಞರು ತೀರ್ಮಾನಿಸುತ್ತಾರೆ. ಕೋಟಿನ ವಿಷಯದಲ್ಲಿಯೂ ತರ್ಕ ಇದೇ. ಒಂದೊಂದು ಲೇಬಲ್ ‘ಇದಕ್ಕಿಂತ ಹಿಂದಿನದಲ್ಲ’ ಅಥವಾ ‘ಇದಕ್ಕಿಂತ ಈಚಿನದಲ್ಲ’ ಎಂಬ ಒಂದು ಗಡಿಯನ್ನಷ್ಟೇ ಕೊಡುತ್ತದೆ. ಎಲ್ಲ ಗಡಿಗಳೂ ಒಪ್ಪುವ ಅವಧಿಯೇ ಕೋಟಿನ ಕಾಲ.

ಅಮೆರಿಕದ ಕೋಟುಗಳಲ್ಲಿ ಇಂಥ ಸಾಕ್ಷ್ಯ ಹೇರಳವಾಗಿದೆ. ಮಹಾ ಆರ್ಥಿಕ ಕುಸಿತದ ಕಾಲದಲ್ಲಿ ರೂಸ್‌ವೆಲ್ಟ್ ಸರ್ಕಾರ 1933ರಲ್ಲಿ ಆರಂಭಿಸಿದ ರಾಷ್ಟ್ರೀಯ ಚೇತರಿಕೆ ಆಡಳಿತದ ನೀಲಿ ಹದ್ದಿನ ಗುರುತು ಕೋಟುಗಳೊಳಗೂ ಬಂತು. 1935ರ ಮೇ ತಿಂಗಳಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಆ ವ್ಯವಸ್ಥೆಯನ್ನು ಅಸಿಂಧುಗೊಳಿಸಿದ್ದರಿಂದ, ಈ ಹದ್ದಿರುವ ಕೋಟಿನ ಕಾಲ ಹೆಚ್ಚುಕಡಿಮೆ ಎರಡೇ ವರ್ಷಗಳ ಅಂತರದೊಳಗೆ ಸಿಗುತ್ತದೆ. ಇಷ್ಟು ಕಿರಿದಾದ ಅವಧಿ ಸಿಗುವುದು ಅಪರೂಪ.

ಹೆಚ್ಚಾಗಿ ಕಾಣಸಿಗುವುದು 1900ರಲ್ಲಿ ಸ್ಥಾಪನೆಯಾದ ಅಂತರರಾಷ್ಟ್ರೀಯ ಮಹಿಳಾ ಉಡುಪು ಕಾರ್ಮಿಕರ ಸಂಘದ, ಅಂದರೆ ಐಎಲ್‌ಜಿಡಬ್ಲ್ಯುಯುವಿನ ಲೇಬಲ್. ಈ ಸಂಘ ಯಾವ ಒಕ್ಕೂಟದಲ್ಲಿತ್ತು ಎಂಬುದನ್ನು ಅದರ ಲೇಬಲ್ಲೇ ಹೇಳುತ್ತಿತ್ತು. ಎಎಫ್‌ಎಲ್ ಮತ್ತು ಸಿಐಒ ಎಂಬ ಎರಡು ಮಹಾ ಒಕ್ಕೂಟಗಳು 1955ರ ಡಿಸೆಂಬರ್‌ನಲ್ಲಿ ಒಂದಾದವು. ಆದ್ದರಿಂದ ಎರಡೂ ಹೆಸರುಗಳು ಜೋಡಿಯಾಗಿರುವ ಲೇಬಲ್ ಅದಕ್ಕಿಂತ ಹಿಂದಿನದಾಗಿರಲು ಸಾಧ್ಯವಿಲ್ಲ. 1963ರಲ್ಲಿ ಲೇಬಲ್ಲಿನ ವಿನ್ಯಾಸ ಬದಲಾಯಿತು. 1974ರಲ್ಲಿ ಅದು ಅಮೆರಿಕದ ಧ್ವಜದ ಕೆಂಪು, ಬಿಳಿ, ನೀಲಿ ಬಣ್ಣಗಳನ್ನು ತಳೆಯಿತು. 1995ರಲ್ಲಿ ಸಂಘವು ಇನ್ನೊಂದು ಸಂಘದೊಂದಿಗೆ ವಿಲೀನಗೊಂಡು ತನ್ನ ಹೆಸರನ್ನೇ ಬಿಟ್ಟುಕೊಟ್ಟಿತು.

ಕಾನೂನಿನ ಅಂಕಿಗಳನ್ನು ಓದುವಾಗ ಇನ್ನಷ್ಟು ಎಚ್ಚರ ಬೇಕು. 1939ರ ಉಣ್ಣೆ ಉತ್ಪನ್ನಗಳ ಕಾಯ್ದೆ 1941ರಲ್ಲಿ ಜಾರಿಗೆ ಬಂದ ಬಳಿಕ ತಯಾರಕರಿಗೆ ಡಬ್ಲ್ಯುಪಿಎಲ್ ಎಂಬ ಅಕ್ಷರಗಳ ನೋಂದಣಿ ಸಂಖ್ಯೆಗಳನ್ನು ಕೊಡಲಾಯಿತು; 1952ರಿಂದ ಆರ್‌ಎನ್ ಎಂಬ ಇನ್ನೊಂದು ಸರಣಿ ಸೇರಿಕೊಂಡಿತು. 1959ರ ಹೊತ್ತಿಗೆ ಆರ್‌ಎನ್ ಸರಣಿ 4086ಕ್ಕೂ ಡಬ್ಲ್ಯುಪಿಎಲ್ ಸರಣಿ 13669ಕ್ಕೂ ತಲುಪಿದ್ದವು. ಆಗ ಎರಡನ್ನೂ ಒಂದುಗೂಡಿಸಿ, ಮುಂದಿನ ಎಲ್ಲ ಸಂಖ್ಯೆಗಳನ್ನೂ ಆರ್‌ಎನ್ 13670ರಿಂದ ಕೊಡತೊಡಗಿದರು. ಹಾಗಾಗಿ 4087ರಿಂದ 13669ರವರೆಗಿನ ಆರ್‌ಎನ್ ಸಂಖ್ಯೆಗಳು ಅಸ್ತಿತ್ವದಲ್ಲೇ ಇಲ್ಲ. ನಡುವಿನ ಯಾವುದಾದರೂ ಅಂಕಿ ಕಂಡರೆ ಓದಿದ್ದು ತಪ್ಪು, ಇಲ್ಲವೇ ಲೇಬಲ್ ನಕಲಿ. ಆರ್‌ಎನ್ ಸಂಖ್ಯೆಯಿಂದ ಇಸವಿ ಲೆಕ್ಕಹಾಕುವ ಸೂತ್ರವೊಂದು ಸಂಗ್ರಾಹಕರ ನಡುವೆ ಚಾಲ್ತಿಯಲ್ಲಿದೆ. ಪ್ರತಿ ವರ್ಷವೂ ಒಂದೇ ಪ್ರಮಾಣದಲ್ಲಿ ನೋಂದಣಿಯಾಗಿದೆ ಎಂದು ಅದು ಊಹಿಸುತ್ತದೆ. ಅದಕ್ಕಿಂತ ಮುಖ್ಯವಾಗಿ, ಅದು ಕೊಡುವ ಇಸವಿ ಸಂಖ್ಯೆ ನೋಂದಣಿಯಾದದ್ದರದೇ ಹೊರತು ಕೋಟು ಹೊಲಿದದ್ದರದಲ್ಲ. 1961ರಲ್ಲಿ ಪಡೆದ ಸಂಖ್ಯೆಯನ್ನು ಕಂಪನಿ 1985ರಲ್ಲಿಯೂ ಬಳಸುತ್ತಿರಬಹುದು. ಬೆಂಗಳೂರಿನ ಎಕ್ಸ್‌ಪೋರ್ಟ್ ಸರ್‌ಪ್ಲಸ್ ಅಂಗಡಿಗಳಲ್ಲಿ ಸಿಗುವ ಅಂಗಿಗಳ ಒಳಗೂ ಈ ಅಂಕಿ ಕಾಣುತ್ತದೆ. ಅದು ಸೂಚಿಸುವುದು ಅಮೆರಿಕದ ಕಂಪನಿಯನ್ನು, ಅಂಗಿ ಹೊಲಿದ ಇಲ್ಲಿನ ಕಾರ್ಖಾನೆಯನ್ನಲ್ಲ.

ಯುರೋಪಿನ ಕಥೆ ಬೇರೆ. ಕ್ರಿಶ್ಚಿಯನ್ ಡಿಯೋರ್ ಸಂಸ್ಥೆ 1950ರ ದಶಕದ ತನ್ನ ಪ್ಯಾರಿಸ್ ಲೇಬಲ್‌ಗಳಲ್ಲಿ ಋತು ಮತ್ತು ಇಸವಿಯನ್ನೇ ನೇಯಿಸುತ್ತಿತ್ತು. ಅಂಥ ಕೋಟಿನ ಮುಂದೆ ನಮ್ಮ ತರ್ಕಕ್ಕೆ ಕೆಲಸವೇ ಇಲ್ಲ. ವಿನ್ಯಾಸಕ ಬಾಲೆನ್ಸಿಯಾಗಾ ತನ್ನ ಪ್ಯಾರಿಸ್ ಮಳಿಗೆಯನ್ನು 1937ರಲ್ಲಿ ತೆರೆದು 1968ರಲ್ಲಿ ಮುಚ್ಚಿದ್ದರಿಂದ ಅವನ ಕಾಲದ ಕೋಟಿಗೆ ಎರಡು ಹೊರಗಡಿಗಳು ತಾವಾಗಿಯೇ ಸಿಗುತ್ತವೆ. ಬ್ರಿಟನ್ನಿನಲ್ಲಿ ಯುದ್ಧಕಾಲದ ಪಡಿತರ ವ್ಯವಸ್ಥೆಯ ‘ಸಿಸಿ41’ ಗುರುತು 1941ರಿಂದ 1952ರವರೆಗೆ ಚಾಲ್ತಿಯಲ್ಲಿತ್ತು. ಬರ್ಬೆರಿ ಕಂಪನಿಯ ಹೆಸರು 1999ರವರೆಗೂ ‘ಬರ್ಬೆರೀಸ್’ ಆಗಿತ್ತು. ಕೊನೆಯ ಆ ಒಂದಕ್ಷರ ಇದ್ದರೆ ಕೋಟು ಕಳೆದ ಶತಮಾನದ್ದೆಂದು ಸಾಮಾನ್ಯವಾಗಿ ನಂಬಬಹುದು, ಆದರೆ ಯಾವ ದಶಕದ್ದೆಂದು ಅದು ಹೇಳಲಾರದು. ಶುದ್ಧ ಹೊಸ ಉಣ್ಣೆಯನ್ನು ಸೂಚಿಸುವ, ದಾರದ ಉಂಡೆಯಂಥ ವುಲ್‌ಮಾರ್ಕ್ ಚಿಹ್ನೆ 1964ರಲ್ಲಿ ಬಂತು.

ಇಷ್ಟೆಲ್ಲ ಓದುವ ಮೊದಲು ಲೇಬಲ್ ಆ ಕೋಟಿನದೇ ಎಂಬುದು ಖಚಿತವಾಗಬೇಕು. ಭೂತಗನ್ನಡಿ ಹಿಡಿದು ಅದರ ಅಂಚನ್ನು ನೋಡಿದಾಗ ಈಗಿನ ಹೊಲಿಗೆಯ ಆಚೆಗೆ ಖಾಲಿ ಸೂಜಿತೂತುಗಳ ಇನ್ನೊಂದು ಸಾಲು ಕಂಡರೆ ಅನುಮಾನ ಪಡಬೇಕು. ಬಹುಕಾಲ ಒಂದೇ ಕಡೆ ಇದ್ದ ಲೇಬಲ್ಲಿನ ಅಡಿಯಲ್ಲಿ ಅಸ್ತರಿನ ಬಣ್ಣ ಬೆಳಕು ತಾಗದೆ ಗಾಢವಾಗಿ ಉಳಿದಿರುತ್ತದೆ. ಆ ಗಾಢ ಗುರುತು ಲೇಬಲ್ಲಿನ ಅಳತೆಗೆ ಹೊಂದದಿದ್ದರೆ ಅಲ್ಲಿ ಹಿಂದೆ ಬೇರೊಂದಿತ್ತು ಎಂದರ್ಥ. ನೇರಳಾತೀತ ದೀಪದಡಿ ದಾರ ನೀಲಿಯಾಗಿ ಹೊಳೆದರೆ ಅದರಲ್ಲಿ ಬಿಳುಪು ಹೆಚ್ಚಿಸುವ ಪ್ರತಿದೀಪಕ ರಾಸಾಯನಿಕವಿದೆ. ಇದರ ಬಳಕೆ ಹರಡಿದ್ದು ಎರಡನೆಯ ಮಹಾಯುದ್ಧದ ನಂತರ. ಆದರೆ ಇದೇ ರಾಸಾಯನಿಕ ಬಟ್ಟೆ ಒಗೆಯುವ ಪುಡಿಯಲ್ಲಿಯೂ ಇರುವುದರಿಂದ, ಒಮ್ಮೆ ಒಗೆದ ಹಳೆಯ ದಾರವೂ ಹೊಳೆದೀತು. ಪ್ರಯೋಗಾಲಯಕ್ಕೆ ಹೋಗಲು ಸಿದ್ಧರಿದ್ದರೆ ಉಣ್ಣೆಯೇ ಸಾಕ್ಷಿಯಾಗುತ್ತದೆ: 1950ರ ದಶಕದ ಮಧ್ಯದಿಂದ ನಡೆದ ಅಣುಬಾಂಬ್ ಪರೀಕ್ಷೆಗಳಿಂದ ಉತ್ತರ ಗೋಳಾರ್ಧದ ಗಾಳಿಯಲ್ಲಿ ಕಾರ್ಬನ್-14 ಎಂಬ ವಿಕಿರಣಶೀಲ ಇಂಗಾಲದ ಪ್ರಮಾಣ 1963ರ ಸುಮಾರಿಗೆ ಬಹುತೇಕ ಇಮ್ಮಡಿಯಾಗಿ ಆಮೇಲೆ ಇಳಿಯುತ್ತ ಬಂದಿದೆ, ಆ ಕಾಲದ ಹುಲ್ಲು ಮೇಯ್ದ ಕುರಿಯ ಉಣ್ಣೆಯಲ್ಲಿ ಅದು ದಾಖಲಾಗಿರುತ್ತದೆ. ಇದಕ್ಕೆ ಕೋಟಿನಿಂದ ಚೂರು ಕತ್ತರಿಸಬೇಕು, ಮತ್ತು ಸಿಗುವುದು ಕುರಿಯ ಕಾಲವೇ ಹೊರತು ದರ್ಜಿಯ ಕಾಲವಲ್ಲ. ನನ್ನ ಮಟ್ಟಿಗೆ ಭೂತಗನ್ನಡಿಯೇ ಸಾಕು.

ಉದಾಹರಣೆಗೆ, 1963ರ ವಿನ್ಯಾಸದ ಸಂಘದ ಲೇಬಲ್, 13670ಕ್ಕಿಂತ ಮೇಲಿನ ಆರ್‌ಎನ್ ಸಂಖ್ಯೆ, ವುಲ್‌ಮಾರ್ಕ್ ಚಿಹ್ನೆ ಈ ಮೂರೂ ಇರುವ ಕೋಟು 1964 ಮತ್ತು 1974ರ ನಡುವಿನದು. ಒಗೆಯುವ ಬಗೆಯನ್ನು ತಿಳಿಸುವ ಶಾಶ್ವತ ಲೇಬಲ್ ಅಮೆರಿಕದಲ್ಲಿ 1972ರ ಜುಲೈಯಿಂದ ಕಡ್ಡಾಯವಾದ್ದರಿಂದ, ಅದಿಲ್ಲದಿದ್ದರೆ ಮೇಲಿನ ಗಡಿಯನ್ನು 1972ಕ್ಕೆ ಇಳಿಸಬಹುದು. ಆದರೆ ಚುಚ್ಚುತ್ತದೆಂದು ಜನ ಕತ್ತರಿಸಿ ಎಸೆಯುವುದು ಎಲ್ಲಕ್ಕಿಂತ ಮೊದಲು ಅದನ್ನೇ. ಆದ್ದರಿಂದ ಅದು ಇರಲೇ ಇಲ್ಲವೆಂದು ಬರೆದಿಡುವ ಮುನ್ನ ಅಸ್ತರಿನ ಎಡ ಹೊಲಿಗೆಯನ್ನೂ ಬಲ ಹೊಲಿಗೆಯನ್ನೂ ಬೆರಳಿನಿಂದ ಸವರಿ, ಕತ್ತರಿಸಿ ಉಳಿದ ತುಂಡೇನಾದರೂ ಇದೆಯೇ ಎಂದು ನೋಡಬೇಕು.