ಬೆಕ್ಕಿಗೆ ಹಚ್ಚಿದ್ದು ಬೆಕ್ಕಿನ ಹೊಟ್ಟೆಗೇ

ಬೆಕ್ಕಿನ ಕೂದಲು ಉದುರುತ್ತಿದೆ ಅಂತ ನನ್ನ ಪಶು ಕ್ಲಿನಿಕ್ಕಿಗೆ ಬರುವವರಲ್ಲಿ ಜಾಸ್ತಿ ಜನ ಅದಕ್ಕೆ ಏನಾದರೂ ಒಂದನ್ನು ಹಚ್ಚಿಯೇ ಬರುತ್ತಾರೆ. ಬೇವಿನೆಣ್ಣೆ, ಕರ್ಪೂರ ಹಾಕಿದ ಕೊಬ್ಬರಿ ಎಣ್ಣೆ, ಕೆಲವರು ಸೀಮೆಎಣ್ಣೆ. ಚರ್ಮ ನೋಡೋಣ ಅಂದರೆ ಬೆಕ್ಕು ಒಗ್ಗರಣೆಗೆ ಬಿದ್ದ ಹಾಗೆ ಮಿನುಗುತ್ತಿರುತ್ತದೆ.

ದಯವಿಟ್ಟು ಕೇಳಿ. ಬೆಕ್ಕು ದಿನವಿಡೀ ಮೈ ನೆಕ್ಕುವ ಪ್ರಾಣಿ. ಬೆಳಗ್ಗೆ ಬೆನ್ನಿಗೆ ಸವರಿದ್ದು ಸಂಜೆಯೊಳಗೆ ಅದರ ಹೊಟ್ಟೆಯಲ್ಲಿರುತ್ತದೆ. "ಸ್ವಲ್ಪ ಹೋದರೆ ಏನಾಗುತ್ತೆ, ನಾವೂ ತಿಂತೀವಲ್ವಾ?" ಅಂತ ಕೇಳುತ್ತಾರೆ. ನಮ್ಮ ಲಿವರ್ ಅನೇಕ ಔಷಧಿ, ರಾಸಾಯನಿಕಗಳನ್ನು ನೀರಿನಲ್ಲಿ ಕರಗುವ ಹಾಗೆ ಮಾಡಿ ಹೊರಗೆ ಕಳಿಸುತ್ತದೆ. ಬೆಕ್ಕಿನ ಲಿವರಿನಲ್ಲಿ ಆ ಕೆಲಸದ ಒಂದು ಕಿಣ್ವ (ಎನ್‌ಜೈಮ್) ಬಹಳ ಕಮ್ಮಿ. ನಾವು ಜ್ವರಕ್ಕೆ ನುಂಗುವ ಪ್ಯಾರಾಸಿಟಮಾಲ್ ಒಂದೇ ಮಾತ್ರೆ ಬೆಕ್ಕಿನ ಪ್ರಾಣ ತೆಗೆಯಬಹುದು, ಅದೂ ಇದೇ ಕಾರಣಕ್ಕೆ. ನಾಯಿಗೆ ಆಗಿಬರುವುದು ಕೂಡ ಎಷ್ಟೋ ಸಲ ಬೆಕ್ಕಿಗೆ ಆಗಿಬರುವುದಿಲ್ಲ.

ಕುವೆಂಪುನಗರದ ಒಬ್ಬ ಅಮ್ಮ, ಬೀದಿಯ ಅರ್ಧ ಬೆಕ್ಕುಗಳಿಗೆ ಅನ್ನ ಹಾಕುವ ಪುಣ್ಯಾತ್ಮೆ, ನಾಯಿಯ ಉಣ್ಣಿಗೆ ತಂದ ಡ್ರಾಪ್ಸ್ ಉಳಿದಿತ್ತಂತೆ, "ಸುಮ್ನೆ ಯಾಕೆ ದಂಡ ಮಾಡೋದು ಡಾಕ್ಟ್ರೇ" ಅಂತ ಬೆಕ್ಕಿನ ಕತ್ತಿಗೆ ಬಿಟ್ಟಿದ್ದರು. ಅದರಲ್ಲಿ ಪರ್ಮೆಥ್ರಿನ್ ಇತ್ತು, ಹುಳ ಕೊಲ್ಲುವ ಈ ರಾಸಾಯನಿಕ ಬೆಕ್ಕಿಗೆ ವಿಷ. ರಾತ್ರಿ ಬೆಕ್ಕಿಗೆ ನಡುಕ ಶುರುವಾಗಿ ಫಿಟ್ಸ್ ಬಂತು. ಅದು ಬದುಕಿತು, ಎಲ್ಲ ಬೆಕ್ಕೂ ಬದುಕುವುದಿಲ್ಲ. ಡಬ್ಬಿಯ ಮೇಲೆ ನಾಯಿಗೆ ಮಾತ್ರ ಅಂತ ಬರೆದಿದ್ದರೆ ಅದು ನಾಯಿಗೆ ಮಾತ್ರ. ಕಾಲು ಭಾಗ ಹಾಕಿದರೂ ತಪ್ಪೇ.

ಕೂದಲು ಉದುರುವುದು ಕಾಯಿಲೆಯ ಹೆಸರಲ್ಲ, ಎಷ್ಟೋ ಕಾಯಿಲೆಗಳ ಗುರುತು. ಸೊಂಟ, ಬಾಲದ ಬುಡ, ತೊಡೆಯ ಒಳಗೆ ಬೋಳಾಗಿದ್ದರೆ ನಾನು ಮೊದಲು ಹುಡುಕುವುದು ಚಿಗಟ. "ನಮ್ಮ ಬೆಕ್ಕಿಗೆ ಒಂದೂ ಚಿಗಟ ಇಲ್ಲ" ಅನ್ನುತ್ತಾರೆ. ಇರುವುದಿಲ್ಲ, ನೆಕ್ಕಿ ನುಂಗಿಬಿಟ್ಟಿರುತ್ತದೆ! ಅಲರ್ಜಿ ಇರುವ ಬೆಕ್ಕಿಗೆ ಒಂದೆರಡು ಕಡಿತ ಸಾಕು. ಹೇನಿನ ಬಾಚಣಿಗೆಯಲ್ಲಿ ಬಾಚಿ, ಉದುರಿದ ಕಪ್ಪು ಪುಡಿಯನ್ನು ಒದ್ದೆ ಹತ್ತಿಯ ಮೇಲೆ ಹಾಕಿ. ಕೆಂಪಗೆ ಹರಡಿದರೆ ಅದು ಚಿಗಟದ ಹಿಕ್ಕೆ. ಹಾಸಿಗೆ, ಸೋಫಾ ಕೆಳಗಿನ ಚಿಗಟದ ಮೊಟ್ಟೆ, ಮರಿಗಳನ್ನೂ ತೆಗೆಯದೆ ಬೆಕ್ಕಿಗೆ ಮಾತ್ರ ಔಷಧಿ ಹಾಕಿದರೆ ಮುಂದಿನ ತಿಂಗಳು ಮತ್ತೆ ಬರುತ್ತೀರಿ.

ದುಂಡಗೆ ಬೋಳಾಗಿ ಹೊಟ್ಟು ಎದ್ದಿದ್ದರೆ ಹುಳುಕಡ್ಡಿ (ಫಂಗಸ್) ಇರಬಹುದು. ಮಕ್ಕಳಿಗೂ ಅಂಟುತ್ತದೆ. ವಿಶೇಷ ದೀಪ ಹಿಡಿದರೆ ಎಲ್ಲ ಹುಳುಕಡ್ಡಿಯೂ ಹೊಳೆಯುವುದಿಲ್ಲ, ಕಲ್ಚರ್, ಅಂದರೆ ಕೂದಲಿನ ಫಂಗಸ್ಸನ್ನು ಲ್ಯಾಬಿನಲ್ಲಿ ಬೆಳೆಸಿ ನೋಡುವ ಪರೀಕ್ಷೆ, ಮಾಡಿಸಿದರೆ ಎರಡು ಮೂರು ವಾರ ಕಾಯಬೇಕು. ಆ ತಾಳ್ಮೆ ಇಲ್ಲದೆ "ಒಂದು ಇಂಜೆಕ್ಷನ್ ಕೊಟ್ಬಿಡಿ" ಅನ್ನುವವರಿಗೆ ಹೇಳುವುದಿಷ್ಟೇ: ತುರಿಕೆ ನಿಲ್ಲಿಸುವ ಸ್ಟೀರಾಯ್ಡ್ ಇಂಜೆಕ್ಷನ್ ಹುಳುಕಡ್ಡಿಯನ್ನು ಇನ್ನೂ ಹೆಚ್ಚು ಮಾಡಬಹುದು.

ಹೊಟ್ಟೆಯ ಭಾಗ ಮಾತ್ರ ನುಣ್ಣಗಿದ್ದರೆ ಸಾಮಾನ್ಯವಾಗಿ ಬೆಕ್ಕೇ ನೆಕ್ಕಿ ತೆಗೆದಿರುತ್ತದೆ. ಹೊಸ ಬೆಕ್ಕು ಬಂದಿದೆಯಾ, ಮನೆ ಬದಲಾಯ್ತಾ ಅಂತ ಕೇಳುತ್ತೇನೆ, ಆದರೆ ಮನಸ್ಸಿನ ಕಾಯಿಲೆ ಅಂತ ಬೇಗ ತೀರ್ಮಾನ ಮಾಡುವುದಿಲ್ಲ. ಅಲರ್ಜಿ ಇರಬಹುದು, ಮೂತ್ರಕೋಶದ ನೋವಿಗೂ ಹೀಗೆ ನೆಕ್ಕುತ್ತವೆ. ಹತ್ತು ವರ್ಷ ದಾಟಿದ ಬೆಕ್ಕು ಚೆನ್ನಾಗಿ ತಿಂದೂ ಬಡಕಲಾಗಿ, ಕೂದಲು ಕೆದರಿಕೊಂಡಿದ್ದರೆ ಥೈರಾಯ್ಡ್‌ಗೆ ರಕ್ತ ಪರೀಕ್ಷೆ ಮಾಡಿಸುವುದು ಒಳ್ಳೆಯದು. ಇನ್ನು ಮೂರು ಹೊತ್ತೂ ಮೊಸರನ್ನ ತಿನ್ನುವ ಬೆಕ್ಕಿನ ಕೂದಲಲ್ಲಿ ಹೊಳಪು ಹುಡುಕಬೇಡಿ. ನಿಮ್ಮ ಮನೆಯ ಮಡಿಗೆ ನನಗೆ ಗೌರವವಿದೆ, ಆದರೆ ಬೆಕ್ಕು ಮಾಂಸ ತಿನ್ನಲೇಬೇಕಾದ ಪ್ರಾಣಿ.

ಅಂದ ಹಾಗೆ, ಕಣ್ಣಿಗೂ ಕಿವಿಗೂ ನಡುವೆ ಕೂದಲು ತೆಳ್ಳಗಿರುವುದು ಎಷ್ಟೋ ಬೆಕ್ಕುಗಳಿಗೆ ಸಹಜವಾದದ್ದೇ. ಅಲ್ಲಿ ಕೆರೆತ, ಗಾಯ, ಹೊಟ್ಟು ಇಲ್ಲ ಅಂದರೆ ಮಳೆಯಲ್ಲಿ ಆಟೋ ಮಾಡಿಕೊಂಡು ಓಡಿ ಬರಬೇಡಿ.